ಕಿರುರೈಲು ಬಂಡಿಗಳು: ರಚನೆ, ದುರಸ್ತಿ, ವರ್ಣಲೇಪನ

ಶಿಲ್ಪಿಯು ವಿಗ್ರಹವನ್ನು ಕಡೆಯುವ ಮುನ್ನ ತಾಳಮಾನವನ್ನು ನಿಶ್ಚಯಿಸಿಕೊಳ್ಳುತ್ತಾನೆ. ಮುಖದ ಅಳತೆಯೊಂದು ಸ್ಥಿರವಾದರೆ ಉಳಿದ ಅಂಗಗಳ ಪ್ರಮಾಣವೆಲ್ಲ ಅದರಿಂದಲೇ ಹೊಮ್ಮುತ್ತದೆ. ಮಾದರಿ ರೈಲುಬಂಡಿಗಳ ರಚನೆಗೂ ಇಂಥದೇ ಒಂದು ಮಾನವುಂಟು. ಬ್ರಿಟನ್ನಿನಲ್ಲಿ ಬಹುಜನರು ಅನುಸರಿಸುವ 'ಡಬಲ್ ಓ' ಪದ್ಧತಿಯಲ್ಲಿ ಮೂಲದ ಒಂದು ಅಡಿಯು 4 ಮಿ.ಮೀ.ಗೆ ಇಳಿಯುತ್ತದೆ, ಎಂದರೆ ಮಾದರಿಯು ಮೂಲದ ಸುಮಾರು 76ರಲ್ಲಿ ಒಂದು ಪಾಲು.

ಆದರೆ ಈ ಪದ್ಧತಿಯ ಬುಡದಲ್ಲಿಯೇ ಒಂದು ಲೋಪವಿದೆ. ಅಲ್ಲಿನ ಹಳಿಗಳ ನಡುವಣ ಅಂತರ 4 ಅಡಿ 8½ ಅಂಗುಲ. ಈ ಮಾನದಲ್ಲಿ ಅದು 18.83 ಮಿ.ಮೀ. ಆಗಬೇಕು; ರೂಢಿಯಲ್ಲಿರುವುದು 16.5 ಮಿ.ಮೀ. ಅಡಿಗೆ 3.5 ಮಿ.ಮೀ. ಎಂಬ ಇನ್ನೊಂದು ಮಾನಕ್ಕೆ ಸಲ್ಲುವ ಹಳಿಯದು. ಬ್ರಿಟನ್ನಿನ ಎಂಜಿನುಗಳು ಗಾತ್ರದಲ್ಲಿ ಕಿರಿದಾದುದರಿಂದ ಅಂದಿನ ವಿದ್ಯುತ್ ಮೋಟಾರು ಅವುಗಳ ಒಡಲಿನಲ್ಲಿ ಹಿಡಿಸಲಿಲ್ಲ. ಒಡಲನ್ನು ಹಿಗ್ಗಿಸಿದರು, ಹಳಿಯನ್ನು ಹಾಗೆಯೇ ಉಳಿಸಿಕೊಂಡರು. ಈ ಲೋಪವನ್ನು ಸಹಿಸಲಾರದವರು 18.83 ಮಿ.ಮೀ. ಹಳಿಯನ್ನೇ ಹಾಸಿ, ಬಂಡಿಬಂಡಿಯ ಗಾಲಿಗಳನ್ನೂ ಬದಲಿಸಿಕೊಳ್ಳುತ್ತಾರೆ.

ನಾಲ್ಕು ಗಾಲಿಯ ಸರಕುಬಂಡಿಯೇ ಕಲಿಯುವವನ ಮೊದಲ ಪಾಠ. ಗಾಜಿನ ಹಲಗೆಯ ಮೇಲಿಟ್ಟು ಜೋಡಿಸಿದರೆ ಚೌಕಟ್ಟು ಸೊಟ್ಟಗಾಗದು. ಮುಕ್ಕಾಲಿಯು ಎಂಥ ನೆಲದ ಮೇಲೂ ಅಲುಗುವುದಿಲ್ಲ. ನಾಲ್ಕು ಕಾಲಿನ ಪೀಠ ಅಲುಗುತ್ತದೆ. ಈ ತತ್ತ್ವವನ್ನರಿತು ಒಂದು ಅಚ್ಚನ್ನು ಬಿಗಿಯಾಗಿಯೂ ಇನ್ನೊಂದನ್ನು ನಡುವೆ ತೂಗಾಡುವಂತೆಯೂ ಕೂರಿಸಿದರೆ ನಾಲ್ಕು ಗಾಲಿಗಳೂ ಹಳಿಯನ್ನು ಬಿಡುವುದಿಲ್ಲ. ಅಡಿಯಲ್ಲಿ ಸೀಸದ ತುಣುಕನ್ನಿಟ್ಟರೆ ಓಟಕ್ಕೆ ಸ್ಥಿರತೆ ಬರುತ್ತದೆ.

ದುರಸ್ತಿಯಲ್ಲಿ ನಿದಾನವೇ ಪ್ರಧಾನ. ಮುರಿದ ಕೊಂಡಿ, ಸೊಟ್ಟಗಾದ ಅಚ್ಚು, ಬಿಟ್ಟುಹೋದ ಬೆಸುಗೆ ಇವೆಲ್ಲ ಸಾಧ್ಯರೋಗಗಳು. ಅಸಾಧ್ಯರೋಗ ಒಂದುಂಟು: ಸತುವಿನ ಮಿಶ್ರಲೋಹದಲ್ಲಿ ಎರಕದ ಕಾಲಕ್ಕೆ ಸೀಸದ ಅಂಶ ಬೆರೆತಿದ್ದರೆ ವರ್ಷಗಳು ಕಳೆದಂತೆ ಅದು ಒಳಗಿನಿಂದಲೇ ಬಿರಿದು ಉದುರುತ್ತದೆ. ಅದಕ್ಕೆ ಅಂಟೂ ಬೆಸುಗೆಯೂ ಮದ್ದಲ್ಲ. ಆ ಭಾಗವನ್ನು ಹೊಸದಾಗಿ ಮಾಡುವುದೊಂದೇ ದಾರಿ.

ಬಣ್ಣದ ಕೆಲಸ ತೊಳೆಯುವುದರಿಂದ ಆರಂಭ. ಬೆಸುಗೆಯ ದ್ರಾವಕದ ಶೇಷವೂ ಬೆರಳಿನ ಜಿಡ್ಡೂ ಉಳಿದರೆ ಬಣ್ಣ ಏಳುತ್ತದೆ. ಒಂದು ದಪ್ಪ ಲೇಪಕ್ಕಿಂತ ಎರಡು ತೆಳುಲೇಪ ಮೇಲು. ದಪ್ಪ ಬಣ್ಣದಲ್ಲಿ ಗಸಗಸೆಗಿಂತ ಸಣ್ಣ ರಿವೆಟ್ಟುಗಳು ಮುಳುಗಿಹೋಗುತ್ತವೆ. ಅಕ್ಷರಗಳನ್ನಂಟಿಸಿ ಹೊಳಪಿಲ್ಲದ ವಾರ್ನಿಶ್ ಹಚ್ಚಿದ ಮೇಲೂ ಕೆಲಸ ಮುಗಿಯದು. ದುಡಿದ ಬಂಡಿಗೆ ಮಸಿ, ತುಕ್ಕು, ಬ್ರೇಕಿನ ಕಂದುಧೂಳು ಸಹಜ. ಇವನ್ನೂ ಮೂಲದ ಛಾಯಾಚಿತ್ರವನ್ನು ನೋಡಿಯೇ ಹಚ್ಚಬೇಕು.

ಇಷ್ಟೆಲ್ಲ ಶ್ರಮ ಏತಕ್ಕೆ? ಆಸ್ಟ್ರೇಲಿಯದಲ್ಲಿ ಹುಟ್ಟಿ 1925ರಲ್ಲಿ ಇಂಗ್ಲೆಂಡಿಗೆ ಬಂದ ರಾಯ್ ಇಂಗ್ಲೆಂಡ್ ಎಂಬವರು ಅಲ್ಲಿನ ಹಳ್ಳಿಗಾಡಿನ ರೂಪ ಕಣ್ಣೆದುರೇ ಅಳಿಯುವುದನ್ನು ಕಂಡರು. ಅದನ್ನು ಕಿರುರೂಪದಲ್ಲಾದರೂ ಉಳಿಸಬೇಕೆಂದು 1954ರಲ್ಲಿ ಲಾಂಗ್ ವಿಟನ್‌ಹ್ಯಾಮ್ ಗ್ರಾಮದಲ್ಲಿ ಪೆಂಡನ್ ಸಂಗ್ರಹಾಲಯವನ್ನು ಕಟ್ಟಿದರು. 1920 ಮತ್ತು 1930ರ ದಶಕಗಳ ಮನೆಗಳೂ ಗಾಡಿಗಳೂ ಅಲ್ಲಿ 4 ಮಿ.ಮೀ. ಮಾನದಲ್ಲಿ ಉಳಿದಿವೆ. ಗ್ರೇಟ್ ವೆಸ್ಟರ್ನ್ ರೈಲ್ವೆ 1948ರಲ್ಲಿ ರಾಷ್ಟ್ರೀಕರಣಗೊಂಡಿತು. ಅದರ ಬಂಡಿಗಳಲ್ಲಿ ಬಹುಪಾಲು ಗುಜರಿಗೆ ಹೋದವು. ಹೋದುದರ ರೂಪಕ್ಕೆ ಇಂದು ಮಾದರಿಯೇ ಸಾಕ್ಷಿ. ಸಾಕ್ಷಿಯಾದವನು ಕೂದಲೆಳೆಯಷ್ಟೂ ಸುಳ್ಳಾಡಬಾರದು. ಆದುದರಿಂದಲೇ ಈ ಕಿರುಗೆಲಸ ಆಟವೆನಿಸದೆ ವಿದ್ಯೆಯೆನಿಸಿದೆ.