‘ಒಲ್ಲೆ’ ಎಂದ ಮಗನೇ ಹೊಲಕ್ಕೆ ಹೋದ

ಪ್ರಶ್ನೆ: ನಾನು ನವಲಗುಂದ ತಾಲ್ಲೂಕಿನ ಒಂದು ಹಳ್ಳಿಯವಳು, ವಯಸ್ಸು 38. ನಮ್ಮ ಸಭೆಯಲ್ಲಿ ಸ್ತ್ರೀಯರ ಕೂಟ ನಡೆಸುವವಳು ನಾನೇ. ನನ್ನ ಪ್ರಾರ್ಥನೆ ಕೇಳಿದರೆ ಕಣ್ಣಲ್ಲಿ ನೀರು ಬರುತ್ತದೆ ಅಂತಾರೆ. ಮನೆಯಲ್ಲಿ ಅತ್ತೆ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ. ರಾತ್ರಿ ನೀರಿಗೆಂದು ಕೂಗಿದರೆ ಎಷ್ಟೋ ಸಲ ನಿದ್ದೆ ಹತ್ತಿದವಳಂತೆ ಸುಮ್ಮನೆ ಮಲಗಿರುತ್ತೇನೆ. ಹೋದ ವರ್ಷ ನಮ್ಮ ಸಭೆಯ ಹುಡುಗಿಯೊಬ್ಬಳು ತವರೂರಿನ ದ್ಯಾಮವ್ವನ ಜಾತ್ರೆಗೆ ಹೋಗಿ ಉಡಿ ತುಂಬಿಸಿಕೊಂಡು ಬಂದಳೆಂದು ಕೂಟದಲ್ಲೇ, ಎಲ್ಲರೆದುರು ಬೈದೆ. ಆಕೆ ಬರುವುದನ್ನೇ ಬಿಟ್ಟಳು. ಮೊನ್ನೆ ನನ್ನ ಮಗಳು, ‘ಅವ್ವಾ, ಚರ್ಚಿನ್ಯಾಗ ನಿಂದೊಂದು ದನಿ, ಮನ್ಯಾಗ ಒಂದು ದನಿ’ ಅಂದಳು. ಅವತ್ತಿನಿಂದ ಬಾಯಿಗೆ ಪ್ರಾರ್ಥನೆ ಬರುತ್ತಿಲ್ಲ. ಎರಡು ಸಲ ಕರ್ತನ ಭೋಜನಕ್ಕೂ ಎದ್ದು ಹೋಗಲಿಲ್ಲ. ನಾನು ಕಪಟಿಯೇ? ಕೂಟ ಬಿಟ್ಟುಬಿಡಲೇ?

ಉತ್ತರ: ತಂಗಿ, ನಿದ್ದೆ ಹತ್ತಿದವಳಂತೆ ಮಲಗಿರುತ್ತೇನೆ ಎಂಬ ಸಾಲನ್ನು ಬರೆಯುವಾಗ ನಿಮ್ಮ ಕೈ ತಡೆದಿರಬೇಕು. ಕತ್ತಲಲ್ಲಿ ನಡೆದದ್ದು ಅದು. ನೀವಾಗಿ ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮಗಳ ಮಾತು ನಿಮ್ಮನ್ನು ನೋಯಿಸಿದೆ, ನೋಯಬೇಕಾದಲ್ಲೇ ನೋಯಿಸಿದೆ. ಈ ನೋವನ್ನು ನಾನು ಸಣ್ಣದು ಮಾಡುವುದಿಲ್ಲ.

ನೀವು ಕೇಳಿದ ‘ಕಪಟಿ’ ಎಂಬ ಪದದಿಂದಲೇ ಶುರುಮಾಡೋಣ. ಸುವಾರ್ತೆಗಳ ಮೂಲ ಗ್ರೀಕಿನಲ್ಲಿ ಆ ಪದಕ್ಕೆ ನಾಟಕದ ಪಾತ್ರಧಾರಿ ಎಂಬ ಅರ್ಥವಿದೆ. ನಮ್ಮ ಕಡೆ ದೊಡ್ಡಾಟದಲ್ಲಿ ರಾತ್ರಿಯೆಲ್ಲ ರಾಜನಾಗಿ ಮೆರೆದವನು ಬೆಳಗಾದ ಮೇಲೆ ಮುಖದ ಬಣ್ಣ ತೊಳೆದು ಹೊಲದ ಕೆಲಸಕ್ಕೆ ಹೋಗುತ್ತಾನೆ. ಅದರಲ್ಲಿ ಮೋಸವಿಲ್ಲ. ಯೇಸು ಸಿಟ್ಟಾದದ್ದು ಬಣ್ಣವನ್ನೇ ತಮ್ಮ ಮುಖವೆಂದು ನಂಬಿ, ತೊಳೆಯಲು ಒಪ್ಪದೆ ಕೂತವರ ಮೇಲೆ. ನೀವಾದರೋ ತೊಳೆಯುವ ನೀರು ಎಲ್ಲಿದೆ ಎಂದು ಕೇಳಿ ಬರೆದಿದ್ದೀರಿ.

ಆದರೂ ಇಷ್ಟಕ್ಕೇ ನಿಮ್ಮನ್ನು ಸಮಾಧಾನ ಮಾಡಿ ಕಳಿಸಿದರೆ ತಪ್ಪಾಗುತ್ತದೆ. ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ದೇವಾಲಯಕ್ಕೆ ಹೋದ ಫರಿಸಾಯ ಮತ್ತು ಸುಂಕದವನ ಕಥೆಯನ್ನು ನೀವೇ ಕೂಟದಲ್ಲಿ ಎಷ್ಟೋ ಸಲ ಹೇಳಿರಬೇಕು. ಅದರಲ್ಲಿ ಫರಿಸಾಯನು ಸುಳ್ಳು ಹೇಳಿದನೆಂದು ಎಲ್ಲಿಯೂ ಇಲ್ಲ. ವಾರಕ್ಕೆ ಎರಡು ಸಲ ಉಪವಾಸ ಮಾಡುತ್ತೇನೆ, ಸಂಪಾದನೆಯಲ್ಲಿ ಹತ್ತನೆಯ ಪಾಲು ಕೊಡುತ್ತೇನೆ ಎಂದ. ಅದೆಲ್ಲ ನಿಜವೇ ಇದ್ದೀತು. ಆದರೆ ಅವನ ಪ್ರಾರ್ಥನೆಗೆ ದೇವರ ಜೊತೆ ಇನ್ನೊಬ್ಬ ಮನುಷ್ಯನೂ ಬೇಕಾಗಿತ್ತು, ತನಗಿಂತ ಕೆಳಗೆ ನಿಲ್ಲಿಸಲು.

ಈಗ ನಿಮ್ಮನ್ನು ಒಂದು ಕೇಳುತ್ತೇನೆ. ನನಗೆ ಉತ್ತರ ಬರೆಯಬೇಕಿಲ್ಲ. ಆ ಹುಡುಗಿಯನ್ನು ಬೈದ ದಿನ, ಬೈದು ಕೂತ ಮೇಲೆ, ಎದೆ ಸ್ವಲ್ಪ ಹಗುರಾಯಿತೇ? ರಾತ್ರಿಗಳ ಭಾರ ಎದೆಯ ಮೇಲಿದ್ದಾಗ, ಎದುರಿಗಿದ್ದವರ ತಪ್ಪು ಎತ್ತಿ ಹಿಡಿದರೆ ನಮ್ಮದು ಒಂದು ಗಳಿಗೆ ಮರೆಯಾಗುತ್ತದೆ. ಎಷ್ಟು ಒಳ್ಳೆಯವರಿಗೂ ಇದು ಆಗುತ್ತದೆ. ಸಿಟ್ಟು ಆ ಹುಡುಗಿಯ ಮೇಲೆ ಬಿತ್ತು. ಅದು ಹುಟ್ಟಿದ್ದು ಮಾತ್ರ ಅತ್ತೆಯ ಹಾಸಿಗೆಯ ಪಕ್ಕದಲ್ಲಿ ಎಂದು ನನಗನಿಸುತ್ತದೆ. ತವರಿನವರು ಕರೆದರು, ಹೋದಳು. ತಾಯಿ ಪ್ರೀತಿಯಿಂದ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬಿದಾಗ ಬೇಡ ಎನ್ನಲು ಬಾಯಿ ಬಂದಿರಲಿಕ್ಕಿಲ್ಲ. ಅದರಲ್ಲಿ ನಂಬಿಕೆಯ ಪ್ರಶ್ನೆ ಇದ್ದರೆ ಅದನ್ನು ಸಭಾಪಾಲಕರು ಅವಳೊಂದಿಗೆ ಕೂತು ಮೆಲ್ಲಗೆ ಮಾತಾಡಬಹುದಿತ್ತು.

ತಪ್ಪೆಲ್ಲ ನಿಮ್ಮೊಬ್ಬರದೇ ಅಂತಲೂ ಅಲ್ಲ. ನಮ್ಮ ಕಡೆ ಸಭೆಗಳನ್ನು ಕಟ್ಟಿದ ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ. ಅವರಲ್ಲಿ ಬಹಳ ಮಂದಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಪೈಟಿಸ್ಟ್ ಭಕ್ತಿಪಂಥದಲ್ಲಿ ಬೆಳೆದವರು. ದಿನಾಲೂ ಹೃದಯವನ್ನು ಶೋಧಿಸಿಕೊಳ್ಳಬೇಕು ಎಂಬುದು ಅವರ ದೊಡ್ಡ ಪಾಠ. ಅದರ ಜೊತೆಗೇ ಸಭೆಯ ಶಿಸ್ತೂ ಬಂತು. ತಪ್ಪಿದವರನ್ನು ಹಿರಿಯರು ವಿಚಾರಿಸಿ ಕರ್ತನ ಭೋಜನದಿಂದ ದೂರ ಇಡುತ್ತಿದ್ದರು. ಆ ಶೋಧನೆ ನಮ್ಮ ಅಜ್ಜಿಯರನ್ನು ಪ್ರಾಮಾಣಿಕರನ್ನಾಗಿ ಮಾಡಿತು, ಅದಕ್ಕೆ ನಾನು ಋಣಿ. ಆದರೆ ಒಳಗೆ ನೋಡಿಕೊಳ್ಳಲು ಕೊಟ್ಟ ದೀಪವನ್ನು ಪಕ್ಕದವರ ಮುಖಕ್ಕೆ ಹಿಡಿಯುವ ರೂಢಿಯೂ ನಮ್ಮಲ್ಲಿ ಉಳಿದುಬಂದಿದೆ.

ಮತ್ತಾಯನ 21ನೇ ಅಧ್ಯಾಯದಲ್ಲಿ ಇಬ್ಬರು ಗಂಡುಮಕ್ಕಳ ಕಥೆ ಇದೆ. ತೋಟದ ಕೆಲಸಕ್ಕೆ ಹೋಗು ಎಂದು ಅಪ್ಪ ಹೇಳುತ್ತಾನೆ. ಅಲ್ಲಿರುವುದು ದ್ರಾಕ್ಷಿತೋಟ, ನಾವು ಎರಿ ಹೊಲ ಅಂದುಕೊಳ್ಳೋಣ. ಒಬ್ಬ ಮುಖದ ಮೇಲೆಯೇ ‘ಒಲ್ಲೆ’ ಅಂದ, ಆಮೇಲೆ ಮನಸ್ಸು ಮರುಗಿ ಹೋದ. ಇನ್ನೊಬ್ಬ ‘ಹೂಂ ಅಪ್ಪಾ’ ಅಂದ, ಹೋಗಲಿಲ್ಲ. ಅಪ್ಪನ ಮಾತು ನಡೆಸಿದವನು ಮೊದಲನೆಯವನೇ. ವಿಧೇಯತೆ ಎಂದರೆ ಸದಾ ಖುಷಿಯಿಂದ ಕುಣಿಯುತ್ತಾ ಹೋಗುವುದು ಎಂದು ನಾವು ತಿಳಿದಿದ್ದೇವೆ. ಹಾಗಾಗಿ ಮನಸ್ಸು ಒಲ್ಲೆ ಅಂದ ಕೂಡಲೇ ನನ್ನ ಭಕ್ತಿಯೇ ಸುಳ್ಳು ಎಂದು ಹೆದರುತ್ತೇವೆ. ರಾತ್ರಿ ಎರಡು ಗಂಟೆಗೆ ಅತ್ತೆ ಕೂಗಿದಾಗ ನಿಮ್ಮ ಮೈ ಒಲ್ಲೆ ಅನ್ನುತ್ತದೆ. ಹಗಲೆಲ್ಲ ದುಡಿದ ಮೈ, ಎರಡು ವರ್ಷದಿಂದ ಕಣ್ತುಂಬ ನಿದ್ದೆ ಕಾಣದ ಮೈ, ಅನ್ನದೆ ಇನ್ನೇನು ಮಾಡೀತು? ಬೇಸರಪಟ್ಟುಕೊಂಡೇ ಎದ್ದು, ತಂಬಿಗೆ ಎತ್ತಿ, ಅವರ ತಲೆ ಮೇಲೆತ್ತಿ ಎರಡು ಗುಟುಕು ಕುಡಿಸಿ ಬಂದರೂ ಅದು ವಿಧೇಯತೆಯೇ. ಅದನ್ನು ಕೂಟದಲ್ಲಿ ಸಾಕ್ಷಿಯಾಗಿ ಮಾತ್ರ ಹೇಳಬೇಡಿ.

ಹಾಗೆಂದು ಈ ಭಾರ ನೀವೊಬ್ಬರೇ ಹೊರುವುದಲ್ಲ. ಅವರು ನಿಮ್ಮ ಯಜಮಾನರ ತಾಯಿ. ‘ವಾರದಾಗ ಮೂರು ರಾತ್ರಿ ನೀವು ನೋಡ್ರಿ’ ಎಂದು ಯಜಮಾನರಿಗೆ ಹೇಳಿ, ನಾದಿನಿಯರಿದ್ದರೆ ತಿಂಗಳಿಗೆ ಕೆಲವು ದಿನ ಬಂದು ಇರಲು ಕೇಳಿ. ಮೈ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು ಹೇಗೆಂದು ಊರಿನ ಆಶಾ ಕಾರ್ಯಕರ್ತೆಯ ಮೂಲಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ನಿದ್ದೆ ಸಿಕ್ಕರೆ ಅರ್ಧ ಸಿಟ್ಟು ತಾನೇ ಇಳಿಯುತ್ತದೆ.

ಹುಡುಗಿಯ ಮನೆಗೆ ಹೋಗಿ. ‘ಎಲ್ಲಾರ ಮುಂದ ನಿನಗ ಹಂಗ ಅನಬಾರದಿತ್ತು, ತಪ್ಪಾತು’ ಎಂದಷ್ಟೇ ಹೇಳಿ. ‘ಆದ್ರ’ ಎಂಬ ಮಾತು ಬೇಡ. ಜಾತ್ರೆಯ ಸುದ್ದಿಯೂ ಬೇಡ. ಅವಳು ಮಾತಾಡದಿದ್ದರೆ ನೀರು ಕುಡಿದು ಎದ್ದು ಬನ್ನಿ. ಬೈದದ್ದು ಕೂಟದಲ್ಲಿ, ಹಾಗಾಗಿ ತಪ್ಪಾಯಿತು ಎಂಬುದನ್ನು ಅಲ್ಲಿಯೂ ಹೇಳಬೇಕು. ಅದಕ್ಕೆ ಮೊದಲು ಅವಳನ್ನು ಕೇಳಿ. ತನ್ನ ಹೆಸರು ಮತ್ತೆ ಎತ್ತುವುದು ಅವಳಿಗೆ ಬೇಡವಾಗಿದ್ದರೆ ಹೆಸರಿಲ್ಲದೆ ಹೇಳಿ.

ಕೂಟವನ್ನು ಈಗಲೇ ಬಿಡಬೇಡಿ. ಒಂದೆರಡು ತಿಂಗಳು ಪ್ರಾರ್ಥನೆ ನಡೆಸುವ ಸರದಿಯನ್ನು ಬೇರೆಯವರಿಗೆ ಕೊಟ್ಟು, ಹಿಂದೆ ಚಾಪೆಯ ಮೇಲೆ ಕೂತು ಕೇಳಿ. ಕರ್ತನ ಭೋಜನದ ಭಯ ನಿಮಗೆ ಬಂದಿರುವುದು ಕೊರಿಂಥದವರಿಗೆ ಪೌಲನು ಬರೆದ ಮೊದಲ ಪತ್ರದ 11ನೇ ಅಧ್ಯಾಯದಿಂದ. ಅಲ್ಲಿನ ಸಭೆಯಲ್ಲಿ ಉಳ್ಳವರು ಮೊದಲೇ ಉಂಡು, ಬಡವರು ಹಸಿದು ಕೂರುವಂತಾಗಿತ್ತು. ಪೌಲನ ಸಿಟ್ಟು ಅದರ ಮೇಲೆ. ತನ್ನನ್ನು ಪರೀಕ್ಷಿಸಿಕೊಂಡ ಮೇಲೆ ಉಣ್ಣಲಿ ಎಂಬುದೇ ಅವನ ಮಾತಿನ ತಾತ್ಪರ್ಯ. ನೀವು ಪರೀಕ್ಷಿಸಿಕೊಂಡು ಊಟವನ್ನೇ ಬಿಟ್ಟಿದ್ದೀರಿ. ಸಭಾಪಾಲಕರ ಬಳಿ, ಇಲ್ಲವೇ ಬಾಯಿ ಬಿಗಿಯಿರುವ ಹಿರಿಯ ತಾಯಿಯೊಬ್ಬರ ಬಳಿ, ನನಗೆ ಬರೆದದ್ದನ್ನೇ ಹೇಳಿಕೊಂಡು ಪ್ರಾರ್ಥಿಸಿ, ಮುಂದಿನ ಸಲ ಎದ್ದು ಹೋಗಿ.

ಇದನ್ನು ಓದುವ ಕೆಲವರಿಗೆ ತಪ್ಪಿನ ಭಾವ ಇನ್ನೂ ಗಟ್ಟಿಯಾಗಿ ಕಚ್ಚಿಕೊಂಡಿರಬಹುದು. ಮಾಡಿದ ಪ್ರಾರ್ಥನೆಯನ್ನೇ ಸರಿಯಾಗಲಿಲ್ಲವೆಂದು ಮತ್ತೆ ಮತ್ತೆ ಮಾಡುವುದು, ಕ್ಷಮೆ ಸಿಕ್ಕಿಲ್ಲವೆಂದು ಊಟ ನಿದ್ದೆ ಬಿಡುವುದು. 1505ರಲ್ಲಿ ಎರ್ಫುರ್ಟಿನ ಮಠ ಸೇರಿದ ಮಾರ್ಟಿನ್ ಲೂಥರರೂ ತಾಸುಗಟ್ಟಲೆ ಪಾಪನಿವೇದನೆ ಮಾಡಿ ನೆಮ್ಮದಿ ಕಾಣದೆ ಒದ್ದಾಡಿದವರೇ. ಅವರ ಕೈ ಹಿಡಿದದ್ದು ಅವರ ಸನ್ಯಾಸಿಪಂಥದ ಹಿರಿಯರಾದ ಸ್ಟೌಪಿಟ್ಸ್. ಇಂಥ ಕಳವಳ ವಾರಗಟ್ಟಲೆ ಬಿಡದಿದ್ದರೆ, ಬದುಕೇ ಬೇಡ ಅನಿಸಿದರೆ, ಅದು ಭಕ್ತಿಯ ಕೊರತೆಯೆಂದು ಮುಚ್ಚಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ. ತಂಗಿ, ನಿಮಗೂ ನಿದ್ದೆ, ಹಸಿವು ಎರಡೂ ಕೆಟ್ಟಿದ್ದರೆ ಹೋಗಲು ಹಿಂಜರಿಯಬೇಡಿ.

ಮಗಳಿಗೆ ನೀವಿನ್ನೂ ಏನೂ ಹೇಳಿಲ್ಲವೆಂದು ಕಾಣುತ್ತದೆ. ಇವತ್ತು ಸಂಜೆ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂಡಿಸಿಕೊಳ್ಳಿ. ‘ನೀ ಹೇಳಿದ್ದು ಖರೇನ ಐತಿ, ತಿದ್ದಿಕೊಳ್ಳಾಕ ನೋಡ್ತೀನಿ’ ಅನ್ನಿ. ಅವಳು ಏನೂ ಅನ್ನದೆ ಹಿಟ್ಟು ನಾದಿ ಕೊಡಬಹುದು. ಅಷ್ಟಾದರೂ ಸಾಕು.