ಹಾಡೆಲ್ಲ ಬಾಯಿಪಾಠ, ವ್ಯಾಕರಣ ಮಾತ್ರ ಕಗ್ಗಂಟು

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸು. ರೇಷ್ಮೆ ಹುಳಕ್ಕೆ ಸೊಪ್ಪು ಹಾಕುವಾಗಲೂ ಮೊಬೈಲಿನಲ್ಲಿ ಸಿನಿಮಾ ಹಾಡು ಇರಲೇಬೇಕು. ಎಲ್ಲವೂ ಬಾಯಿಪಾಠ. ಸಂಧಿ, ಸಮಾಸ ಅಂದರೆ ಮಾತ್ರ ಪುಸ್ತಕ ಮುಚ್ಚಿಡುತ್ತಾಳೆ. ‘ನಮ್ಮ ಭಾಷೆಗೆ ಯಾಕಮ್ಮ ವ್ಯಾಕರಣ’ ಅನ್ನುತ್ತಾಳೆ. ನಾನು ಓದಿರುವುದು ಏಳನೇ ಕ್ಲಾಸು. ಹಾಡು ಕೇಳುವುದನ್ನು ಬಿಡಿಸಬೇಕೆ?
– ಒಬ್ಬ ತಾಯಿ, ಅಕ್ಕೂರು, ಚನ್ನಪಟ್ಟಣ ತಾಲ್ಲೂಕು

ಉತ್ತರ: ಬಿಡಿಸಬೇಡಿ ತಾಯಿ. ಹದಿಮೂರನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜ ಸೂತ್ರಗಳನ್ನೇ ಕಂದಪದ್ಯಗಳಲ್ಲಿ ಕಟ್ಟಿದ. ಉದಾಹರಣೆಗೆ ಹಿಂದಿನ ಕವಿಗಳ ಪದ್ಯಗಳಿಗೆ ಕೈಹಾಕಿದ. ನಿಮ್ಮ ಮಗಳಿಗೆ ಗೊತ್ತಿರುವ ಪದ್ಯ ಸಿನಿಮಾದ್ದು, ಅಷ್ಟೇ ವ್ಯತ್ಯಾಸ.

ಮೊದಲು ಪದ ಹಿಡಿಯಲಿ. ವಿರಹದ ಹಾಡಿದ್ದ ಕಡೆ ‘ಕಂಬನಿ’ ಇರುವುದು ಹೆಚ್ಚು. ಕಣ್, ಪನಿ ಸೇರುವಾಗ ಪಕಾರ ಹೋಗಿ ಬಕಾರ ಬಂತು, ಆದೇಶ ಸಂಧಿ. ಕಣ್ಣಿನ ಪನಿ ಎಂದು ಬಿಡಿಸಿದರೆ ತತ್ಪುರುಷ ಸಮಾಸ. ಹೂದೋಟ, ಮಳೆಗಾಲಗಳೂ ಹೀಗೆಯೇ. ವಿಭಕ್ತಿಗೆ ಹಾಡೂ ಬೇಡ, ಸಿನಿಮಾ ಹೆಸರೇ ಸಾಕು: ‘ಬಂಗಾರದ ಮನುಷ್ಯ’, ‘ಗಂಧದ ಗುಡಿ’, ‘ಬೆಟ್ಟದ ಹೂವು’, ಎಲ್ಲ ಷಷ್ಠಿ.

ನಿಜವಾದ ಲಾಭ ಇರುವುದು ಸಾಲಿನಲ್ಲಿ. ರಾಗಕ್ಕೆ, ಪ್ರಾಸಕ್ಕೆ ಹಾಡಿನಲ್ಲಿ ಕ್ರಿಯಾಪದ ಮುಂದೆ ಓಡುತ್ತದೆ, ಕರ್ತೃ ಕೊನೆಗೆ ಹೋಗಿ ಕೂರುತ್ತದೆ, ‘ಅನ್ನು’ ಎಲ್ಲೋ ಬಿದ್ದುಹೋಗಿರುತ್ತದೆ. ‘ತಂದಳು ಸೊಪ್ಪು ನಮ್ಮಕ್ಕ’ ಅಂತ ಒಂದು ಸಾಲಿದೆ ಅಂದುಕೊಳ್ಳಿ. ಯಾರು ತಂದದ್ದು, ಏನನ್ನು ತಂದದ್ದು ಎಂದು ನೀವು ಕೇಳಿ. ‘ನಮ್ಮ ಅಕ್ಕ ಸೊಪ್ಪನ್ನು ತಂದಳು’ ಎಂದು ಅವಳು ಹೇಳುವಷ್ಟರಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಮೂರೂ ಸಿಕ್ಕವು. ‘ನಮ್ಮಕ್ಕ’ ಬಿಡಿಸಿದ್ದರಿಂದ ಲೋಪ ಸಂಧಿ ಪುಕ್ಕಟೆ. ಹಳಗನ್ನಡ ಪದ್ಯಕ್ಕೆ ಮೇಷ್ಟ್ರು ಮಾಡಿಸುವ ಅನ್ವಯ ಇದೇ. ಇದಕ್ಕೆ ನಿಮ್ಮ ಏಳನೇ ಕ್ಲಾಸು ಧಾರಾಳವಾಯಿತು; ಸರಿ ಉತ್ತರ ಗೊತ್ತಿರುವವರು ಪಕ್ಕದಲ್ಲಿದ್ದರೆ ಮಕ್ಕಳು ಯೋಚಿಸುವುದನ್ನೇ ಬಿಡುತ್ತಾರೆ.

ಎರಡು ಕಡೆ ಎಚ್ಚರ ಬೇಕು. ಮೊದಲನೆಯದು ಛಂದಸ್ಸು. ಭಾಮಿನಿ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೇ ಸಾಲುಗಳಲ್ಲಿ ಮೂರು–ನಾಲ್ಕು, ಮೂರು–ನಾಲ್ಕು ಎಂದು 14 ಮಾತ್ರೆ. ಆ ನಡೆಯನ್ನು ಚಪ್ಪಾಳೆ ತಟ್ಟಿ ಕಲಿಯಬಹುದು, ಕಲಿಯಲಿ. ಆದರೆ ಹಾಡುವವರು ರಾಗಕ್ಕಾಗಿ ಲಘುವನ್ನೂ ಎಳೆಯುತ್ತಾರೆ. ಕಿವಿ ನಂಬಿ ಪ್ರಸ್ತಾರ ಹಾಕಿದರೆ ಲೆಕ್ಕ ತಪ್ಪುತ್ತದೆ, ಬರೆದುಕೊಂಡೇ ಹಾಕಬೇಕು. ಇನ್ನೊಂದು, ಈಗಿನ ಹಾಡುಗಳಲ್ಲಿ ನಮ್ಮ ಕಡೆಯ ‘ಮಾಡ್ತಾವ್ನೆ’, ‘ಬತ್ತಾವ್ಳೆ’ ಧಾರಾಳ. ಅದು ತಪ್ಪು ಕನ್ನಡ ಎಂದು ಅವಳಿಗೆ ಹೇಳಬೇಡಿ, ಅದು ನಿಮ್ಮ ಮನೆಯ ಮಾತು. ಉತ್ತರ ಪತ್ರಿಕೆಯಲ್ಲಿ ಮಾತ್ರ ‘ಮಾಡುತ್ತಿದ್ದಾನೆ’, ‘ಬರುತ್ತಿದ್ದಾಳೆ’ ಎಂದೇ ಬರೆಯಲಿ. ಒಂದರಿಂದ ಇನ್ನೊಂದಕ್ಕೆ ತಿರುಗಿಸುವುದೂ ಒಳ್ಳೆಯ ಅಭ್ಯಾಸ.

ಮನೆಯಲ್ಲಿ ರಾಗಿ ಬೀಸುವ ಪದ ಬಲ್ಲ ಅಜ್ಜಿ ಇದ್ದರೆ ಅವರನ್ನೂ ಕೂರಿಸಿಕೊಳ್ಳಿ. ಆ ಪದಗಳು ಹೆಚ್ಚಾಗಿ ತ್ರಿಪದಿ. ರಜೆಯಲ್ಲಿ ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕಕ್ಕೂ ಒಮ್ಮೆ ಹೋಗಿಬನ್ನಿ.

ವಾರಕ್ಕೆ ಒಂದು ಪಲ್ಲವಿ ಸಾಕು, ಚರಣಕ್ಕೆ ಅವಳೇ ಹೋದರೆ ಹೋಗಲಿ. ಅವಳಿಗೆ ಪ್ರಾಣವಾದ ಹಾಡೊಂದು ಇರುತ್ತದಲ್ಲ, ಅದನ್ನು ಮಾತ್ರ ಮುಟ್ಟಬೇಡಿ.