ಮೇಕೆದಾಟುವಿಗೆ ಒಂದು ದಿನದ ಕಾಲ್ನಡಿಗೆ

ನಮ್ಮ ದೊಡ್ಡಬಳ್ಳಾಪುರದ ಕಡೆಯವರಿಗೆ ಅರ್ಕಾವತಿಯೆಂದರೆ ವರುಷದ ಬಹುಪಾಲು ಒಣಗಿ ಬಿದ್ದಿರುವ ಒಂದು ಹಳ್ಳ. ನಂದಿಬೆಟ್ಟದಲ್ಲಿ ಹುಟ್ಟುವ ಈ ನದಿ ನಮ್ಮ ತಾಲ್ಲೂಕನ್ನು ಹಾದು, ಬೆಂಗಳೂರಿಗೆ ನೀರೊದಗಿಸಲೆಂದು 1894ರಲ್ಲಿ ಕಟ್ಟಿದ ಹೆಸರಘಟ್ಟದ ಕೆರೆಯನ್ನೂ 1933ರ ತಿಪ್ಪಗೊಂಡನಹಳ್ಳಿ ಜಲಾಶಯವನ್ನೂ ದಾಟಿ, ಸುಮಾರು 190 ಕಿಲೋಮೀಟರು ಸಾಗಿ, ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಸುಮಾರು 4 ಕಿಲೋಮೀಟರು ಕೆಳಕ್ಕೆ ಕಾವೇರಿ ಬಂಡೆಗಳ ನಡುವಿನ ಇಕ್ಕಟ್ಟಾದ ಕಮರಿಯಲ್ಲಿ ನುಗ್ಗುತ್ತಾಳೆ. ಅದೇ ಮೇಕೆದಾಟು. ಹುಲಿಗೆ ಹೆದರಿದ ಮೇಕೆಯೊಂದು ಈ ದಡದಿಂದ ಆ ದಡಕ್ಕೆ ಹಾರಿತಂತೆ.

ನಮ್ಮೂರಿನ ನದಿಯ ಕೊನೆಯನ್ನು ನೋಡಬೇಕೆಂಬ ಹಂಬಲದಿಂದ ಹೋದ ವರುಷ ಮಾರ್ಚಿ ತಿಂಗಳಲ್ಲಿ ನಾವು ಎಂಟು ಮಂದಿ ಸಹಪಾಠಿಗಳು ಹೊರಟೆವು. ಹೊರಟೆವೆನ್ನುವುದಕ್ಕಿಂತ ಎದ್ದುಬಿದ್ದು ಓಡಿದೆವೆಂದರೆ ಸರಿ. ಸಂಗಮವನ್ನು ಮುಟ್ಟಿದಾಗ ಮಧ್ಯಾಹ್ನ ಒಂದು ಗಂಟೆ. ಎಂಟು ಮಂದಿಗೆ ನಾಲ್ಕು ಬಾಟಲಿ ನೀರು. ಕಾದ ಬಂಡೆಯ ಮೇಲೆ ಬಾಯಾರಿ, ಕಮರಿಯ ಅಂಚಿಗೆ ಬಂದಾಗ, ರಬ್ಬರು ಚಪ್ಪಲಿ ಹಾಕಿದ್ದ ಗೆಳೆಯನೊಬ್ಬ ಜಾರಿದ. ಒಂದು ಬಂಡೆಯ ಸೀಳು ಕೈಗೆ ಸಿಕ್ಕಿದ್ದರಿಂದ ಉಳಿದ. ಚಪ್ಪಲಿ ಮಾತ್ರ ನೀರಿಗೆ ಬಿತ್ತು. ನಾವು ಕಣ್ಣಿಟ್ಟು ನೋಡುತ್ತಿದ್ದಂತೆಯೇ ಅದು ಒಂದು ಸುಳಿಯಲ್ಲಿ ಮುಳುಗಿತು, ಮತ್ತೆ ಏಳಲಿಲ್ಲ. ಹಿಂತಿರುಗುವಾಗ ಯಾರೂ ಮಾತಾಡಲಿಲ್ಲ. ಆ ದಿನದ ಪಾಠವನ್ನು ವಾಚಕಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲನೆಯದು, ಸ್ಥಳದ ಸ್ವಭಾವವನ್ನು ತಿಳಿಯುವುದು. ಅಗಲವಾದ ಪಾತ್ರದಲ್ಲಿ ಹರಿಯುತ್ತಿದ್ದಷ್ಟೇ ನೀರು ಕಿರಿದಾದ ಕಂಡಿಯಲ್ಲಿಯೂ ಹಾದುಹೋಗಬೇಕು. ಆದುದರಿಂದ ಅಲ್ಲಿ ಅದು ಆಳವೂ ರಭಸವೂ ಆಗಲೇಬೇಕು. ಸುಳಿಗೆ ಸಿಕ್ಕಿದ ಕಲ್ಲುಗಳು ತಿರುತಿರುಗಿ ಬಂಡೆಯನ್ನೇ ಒರಳಿನಂತೆ ಕೊರೆದಿವೆ. ಇಂತಹ ಕುಳಿಗಳು ನೀರಿನ ಕೆಳಗೂ ಉಂಟು; ಮೇಲಿನಿಂದ ಕಾಣುವುದಿಲ್ಲ. ಈಜು ಬಲ್ಲವರೂ ಇಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ಹರಿವು ನುಣುಪು ಮಾಡಿದ ಬಂಡೆ ಒಣಗಿದ್ದಾಗಲೂ ಜಾರುತ್ತದೆ.

ಎರಡನೆಯದು, ಕಾಲದ ಆಯ್ಕೆ. ತಲೆಯ ಮೇಲೆ ಮೋಡವಿಲ್ಲದಿದ್ದರೆ ಭಯವಿಲ್ಲವೆಂದು ನಾವು ಭಾವಿಸಿದ್ದೆವು. ಇದು ತಪ್ಪು. ಇಲ್ಲಿ ಹರಿಯುವುದು ಕೊಡಗಿನಲ್ಲಿಯೂ ವಯನಾಡಿನಲ್ಲಿಯೂ ಬಿದ್ದ ಮಳೆ. ಕೃಷ್ಣರಾಜಸಾಗರ, ಕಬಿನಿ ಜಲಾಶಯಗಳಿಂದ ನೀರು ಬಿಟ್ಟರೆ, ಬಿಸಿಲಿರುವಾಗಲೇ ಸಂಗಮದಲ್ಲಿ ನದಿ ಏರುತ್ತದೆ. ಕಳೆದ ಆಗಸ್ಟಿನಲ್ಲಿ ನಾವು ಮತ್ತೆ ಸಿದ್ಧರಾಗಿ, ಬುತ್ತಿಯ ಏರ್ಪಾಡನ್ನೂ ಮಾಡಿ, ಹಿಂದಿನ ದಿನ ವಿಚಾರಿಸಿದಾಗ ನೀರು ಬಿಟ್ಟ ಸುದ್ದಿ ತಿಳಿಯಿತು. ಪ್ರಯಾಣವನ್ನು ನಿಲ್ಲಿಸಿದೆವು. ಕೆಲವರು ನಕ್ಕರು. ಆದರೆ ಹೋಗಬಾರದ ದಿನ ಹೋಗದಿರುವುದೂ ಯೋಜನೆಯ ಒಂದು ಭಾಗವೇ ಆಗಿದೆ. ಮಳೆಗಾಲ ಮುಗಿದು ಬಿಸಿಲು ಬಲಿಯುವುದಕ್ಕೆ ಮುಂಚಿನ ಡಿಸೆಂಬರು, ಜನವರಿ ತಿಂಗಳುಗಳೇ ಉತ್ತಮ.

ಮೂರನೆಯದು, ಹೊತ್ತಿನ ಲೆಕ್ಕ. ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ ಎಂಬಾತ 1892ರಲ್ಲಿ ಒಂದು ಸೂತ್ರವನ್ನು ಹೇಳಿದ: ಮೂರು ಮೈಲಿಗೆ ಒಂದು ಗಂಟೆ, ಜೊತೆಗೆ ಪ್ರತಿ 2000 ಅಡಿ ಏರಿಗೆ ಇನ್ನೊಂದು ಗಂಟೆ. ಸಂಗಮದಿಂದ ಹೋಗಿಬರಲು 8 ಕಿಲೋಮೀಟರು, ಎಂದರೆ ಐದು ಮೈಲಿ. ದೊಡ್ಡ ಏರಿಲ್ಲ, ಸೂತ್ರದಂತೆ ಒಂದೂ ಮುಕ್ಕಾಲು ಗಂಟೆ ಸಾಕು. ಆದರೆ ನಾವು ಅಭ್ಯಾಸವಿಲ್ಲದವರು. ಬಂಡೆಯೂ ಬಿಸಿಲೂ ಉಂಟು. ಗುಂಪಿನ ವೇಗವೆಂದರೆ ಎಲ್ಲರಿಗಿಂತ ನಿಧಾನವಾಗಿ ನಡೆಯುವವನ ವೇಗ. ಆದುದರಿಂದ ಅದನ್ನು ಇಮ್ಮಡಿ ಮಾಡಿ ಮೂರೂವರೆ ಗಂಟೆಯೆಂದಿಟ್ಟುಕೊಂಡೆವು. ಬೆಳಗಿನ ಐದಕ್ಕೆ ಊರು ಬಿಡುವುದು. ಹತ್ತಕ್ಕೆ ನಡಿಗೆಯ ಆರಂಭ. ಎಲ್ಲಿಯೇ ಇದ್ದರೂ ಮಧ್ಯಾಹ್ನ ಒಂದು ಗಂಟೆಗೆ ಹಿಂದಕ್ಕೆ ತಿರುಗುವುದು. ಈ ಕೊನೆಯ ನಿಯಮವನ್ನು ಮನೆಯಲ್ಲಿಯೇ ಒಪ್ಪಿಕೊಂಡಿರಬೇಕು. ಗುರಿ ಕಣ್ಣಿಗೆ ಬಿದ್ದಮೇಲೆ ಯಾರೂ ಒಪ್ಪುವುದಿಲ್ಲ.

ನಾಲ್ಕನೆಯದು, ಸಾಮಗ್ರಿ. ಬಾಯಾರಿದಾಗ ಬಾವಿ ತೋಡಲಾಗದು. ತಲೆಗೆ ಮೂರು ಲೀಟರು ನೀರು ಮನೆಯಿಂದಲೇ ಬರಬೇಕು. ಪಕ್ಕದಲ್ಲಿಯೇ ಎರಡು ನದಿಗಳಿವೆಯಲ್ಲವೇ ಎನ್ನಬಹುದು. ಬೆಂಗಳೂರಿನ ಕೊಳಚೆಯನ್ನು ಹೊತ್ತ ವೃಷಭಾವತಿ ಅರ್ಕಾವತಿಗೇ ಸೇರುತ್ತದೆಂಬುದನ್ನು ಮರೆಯಬಾರದು. ಬಳಲಿದವರಿಗೆಂದು, ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಆರು ಮಟ್ಟಸವಾದ ಟೀಚಮಚೆ ಸಕ್ಕರೆ, ಅರ್ಧ ಟೀಚಮಚೆ ಉಪ್ಪು ಬೆರೆಸಿಟ್ಟುಕೊಳ್ಳಬೇಕು. ಬುತ್ತಿಗೆ ಚಿತ್ರಾನ್ನ, ಕಡಲೆಕಾಯಿ, ಬೆಲ್ಲ ಸಾಕು. ಕಾಲಿಗೆ ಹಿಡಿತವುಳ್ಳ ಬೂಟು. ತಲೆಗೆ ಟೋಪಿ ಅಥವಾ ಟವೆಲು. ಗಾಯಕ್ಕೆ ಅರಿವೆಯ ಪಟ್ಟಿ. ಮೊಬೈಲಿಗೆ ಸಂಕೇತ ಸಿಕ್ಕೀತೆಂದು ನಂಬದೆ, ಹಿಂತಿರುಗುವ ಹೊತ್ತನ್ನು ಬರೆದು ಮನೆಯಲ್ಲಿ ಕೊಟ್ಟಿರಬೇಕು.

ಕೊನೆಯದಾಗಿ, ಇದು ಕಾವೇರಿ ವನ್ಯಜೀವಿಧಾಮದ ನೆಲ. ಆನೆಗಳು ನೀರಿಗೆ ಬರುತ್ತವೆ, ನದಿಯಲ್ಲಿ ಮೊಸಳೆಗಳಿವೆ. ಅರಣ್ಯ ಇಲಾಖೆಯವರನ್ನು ವಿಚಾರಿಸದೆ ಹೊರಡಬಾರದು. ದಾರಿ ಬಿಟ್ಟು ಪೊದೆಗಳಲ್ಲಿ ನುಗ್ಗಬಾರದು. ಸಂಗಮದಲ್ಲಿ ಅರ್ಕಾವತಿಯನ್ನು ದಾಟುವಾಗ ಹರಿಗೋಲಿನವರು ಬೇಡವೆಂದರೆ ವಾದಿಸಬಾರದು. ಆ ನೀರನ್ನು ನಮಗಿಂತ ಅವರು ಬಲ್ಲರು.

ಈ ಜನವರಿಯಲ್ಲಿ ಅದೇ ಎಂಟು ಮಂದಿ ಈ ಕ್ರಮದಲ್ಲಿ ಹೋಗಿಬಂದೆವು. ಅಂಚಿನಿಂದ ಇಪ್ಪತ್ತು ಹೆಜ್ಜೆ ಹಿಂದೆ ಕುಳಿತು ಬುತ್ತಿ ಬಿಚ್ಚಿದೆವು. ಹಿಂದೆ ಜಾರಿದ್ದ ಗೆಳೆಯ ನೀರನ್ನೇ ಬಹಳ ಹೊತ್ತು ನೋಡುತ್ತಿದ್ದ. ಒಂದು ಗಂಟೆಗೆ ಐದು ನಿಮಿಷವಿರುವಾಗ, ಎಲ್ಲರಿಗಿಂತ ಮೊದಲು ಅವನೇ ಎದ್ದು, “ಏಳ್ರಪ್ಪಾ, ಹೊತ್ತಾಯಿತು” ಎಂದ.